ಊರಿನ ರಾಜಕೀಯ ಬ್ಯಾಡ್ರಿ

ನಮ್ಮೂರು ಆಳಂದ ತಾಲ್ಲೂಕಿನದು. ಊರಿನ ವಾಟ್ಸಾಪ್ ಗ್ರೂಪಿನಲ್ಲಿ ನಾನೂ ಇದ್ದೇನೆ, ಕಲಬುರಗಿಯಲ್ಲಿ ಕೂತುಕೊಂಡು. ಮೊನ್ನೆ ಒಂದು ರಾತ್ರಿ ಇರಾನ್‌ಗೆ ಬುದ್ಧಿ ಹೇಳುವವರು ಯಾರು ಅಂತ ಜಗಳ ಹತ್ತಿತು. ರಾತ್ರಿ ಒಂದು ಗಂಟೆಯಾದರೂ ಯಾರೂ ಮಲಗಲಿಲ್ಲ. ಅಮೆರಿಕದ ಅಧ್ಯಕ್ಷರಿಗಂತೂ ನಮ್ಮ ಕಿರಾಣಿ ಅಂಗಡಿ ಅಣ್ಣ ಕಡೇ ಎಚ್ಚರಿಕೆ ಕೊಟ್ಟೇಬಿಟ್ಟ. ಗ್ರೂಪಿನ ಅಡ್ಮಿನ್ ಕೂಡ ಅವನೇ.

ಆ ಗದ್ದಲದ ನಡುವೆ ಪಿಡಿಒ ಒಂದು ನೋಟಿಸ್ ಹಾಕಿದ್ದರು. ಗುರುವಾರ 11ಕ್ಕೆ ಗ್ರಾಮಸಭೆ. ಒಬ್ಬರು ಕೈಮುಗಿದರು. ಇನ್ನೊಬ್ಬರು ಶುಭರಾತ್ರಿಯ ಗುಲಾಬಿ ಇಟ್ಟರು. ಆಮೇಲೆ ಮತ್ತೆ ಇರಾನ್.

ನಾನು ಹೋದೆ. (ಮೂರು ವರ್ಷದಲ್ಲಿ ಇದೇ ಮೊದಲು, ನಾನೇನು ಸಾಚಾ ಅಲ್ಲ.) ಪಂಚಾಯಿತಿ ಮುಂದೆ ಶಾಮಿಯಾನ, ಬಾಡಿಗೆ ಕುರ್ಚಿ. ಆಶಾ ಕಾರ್ಯಕರ್ತೆ, ವಾಟರ್‌ಮ್ಯಾನ್, ನಾಲ್ಕೈದು ಮುತ್ಯಾಗಳು, ಚಹಾದ ಹುಡುಗ. ಜೊತೆಗೆ ಫೋನೇ ಇಲ್ಲದ ಒಬ್ಬ ಅಜ್ಜಿ. ಆಕೆಗೆ ಇರಾನ್ ವಿಷಯ ಗೊತ್ತಿರಲಿಲ್ಲ, ಪಾಪ. ಎದ್ದು ನಿಂತು ಕೇಳಿದಳು: "ನಳಾ ಹಾಕಿ ಹೋಗ್ಯಾರ. ತಿರುವಿದ್ರ ಬರೀ ಗಾಳಿ ಬರ್ಲಕತ್ತದ. ನೀರು ಯಾವಾಗ ಬಿಡ್ತೀರಪ್ಪ?"

ಅಧಿಕಾರಿಗಳು ಬರೆದುಕೊಂಡರು. ಪೆನ್ನು ಓಡಿದ್ದು ನಾನೇ ನೋಡಿದೆ.

ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದ ಸಭೆ ಇದು. ಕೋರಂಗೆ, ಅಂದರೆ ಸಭೆ ನಡೆಯಲು ಕನಿಷ್ಠ ಇರಲೇಬೇಕಾದ ಹಾಜರಿಗೆ, ಕಾನೂನು ಕೇಳುವುದು 100 ಜನ, ಇಲ್ಲಾ ಮತದಾರರಲ್ಲಿ ಹತ್ತರ ಒಂದು ಪಾಲು, ಯಾವುದು ಕಡಿಮೆಯೋ ಅದು. ವಾಟ್ಸಾಪ್ ಒಂದು ಗ್ರೂಪಿಗೆ 1,024 ಜನರನ್ನು ಸೇರಿಸಿಕೊಳ್ಳುತ್ತದೆ. ಅಲ್ಲಿ ಕೋರಂ ಕೊರತೆ ಬಂದದ್ದೇ ಇಲ್ಲ. ಇಲ್ಲಿ ಮಾತ್ರ ಜನ ಬರಲಿಲ್ಲ ಅಂತ ಹಾಜರಿ ಪುಸ್ತಕವೇ ಎದ್ದು ಮನೆ ಮನೆಗೆ ಹೊರಟಿತು. ಕಿರಾಣಿ ಅಣ್ಣ ಒಂದು ಕೈಯಲ್ಲಿ ತೊಗರಿಬೇಳೆ ತೂಗುತ್ತಲೇ ಇನ್ನೊಂದು ಕೈಯಲ್ಲಿ ಸಹಿ ಮಾಡಿದ. ಎದ್ದು ಬಂದಿದ್ದರೆ ಐವತ್ತು ಹೆಜ್ಜೆ.

ಸಂಜೆ ಗ್ರೂಪಿನಲ್ಲಿ ಸಭೆಯ ಫೋಟೊ ಬಂತು. ಖಾಲಿ ಕುರ್ಚಿ ಕಾಣದ ಹಾಗೆ ಹುಷಾರಾಗಿ ತೆಗೆದದ್ದು. ಹೆಬ್ಬೆಟ್ಟುಗಳ ಮಳೆ. ಹಿಂದೆಯೇ ನಮ್ಮ ಅಣ್ಣನ ಗುಡುಗು: "ನಮಗ ಯಾಕ ಹೇಳ್ಲಿಲ್ಲ? ಪ್ರಜಾಪ್ರಭುತ್ವ ಸತ್ತೇ ಹೋಗ್ಯದ!"

ಹೇಗೂ ಮಾತು ಬಂತಲ್ಲ ಅಂತ, ಅಜ್ಜಿ ಕೇಳಿದ್ದನ್ನು ನಾನು ಹಾಗೇ ಟೈಪ್ ಮಾಡಿ ಹಾಕಿದೆ. ಎರಡು ನಿಮಿಷದಲ್ಲಿ ಮೆಸೇಜ್ ಮಾಯ. ಅದರ ಜಾಗದಲ್ಲಿ ಅಡ್ಮಿನ್ ಬರೆದಿದ್ದ:

"ಗ್ರೂಪಿನಾಗ ಊರಿನ ರಾಜಕೀಯ ತರಬ್ಯಾಡ್ರಿ. ಇರಾನ್ದು ಏನಾಯ್ತು, ಯಾರಾದ್ರೂ ಹೇಳ್ರಿ."