ಗೆಳೆಯನ ಗೊತ್ತುವಳಿಗೆ ವೀಟೊ: ಸುಯೆಜ್‌ನ ಆ ಎಂಟು ದಿನ

ವೀಟೊ ಅಂದರೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಐದು ಕಾಯಂ ಸದಸ್ಯರಲ್ಲಿ (ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್) ಯಾರೇ ಆಗಲಿ ಒಂದು 'ಇಲ್ಲ'ದಿಂದ ನಿರ್ಣಯವನ್ನು ತಡೆಯುವ ಅಧಿಕಾರ. ಅದರ ವಿಷಯ ಬಂದಾಗಲೆಲ್ಲ ನಮ್ಮಲ್ಲಿ ಎರಡೇ ಮಾತು ಕೇಳಿಬರುತ್ತವೆ. ಅದನ್ನು ಕಿತ್ತೊಗೆಯಬೇಕು ಅನ್ನುವವರು ಒಂದು ಕಡೆ, ನಮಗೂ ಒಂದು ಕೊಡಿ ಅನ್ನುವವರು ಇನ್ನೊಂದು ಕಡೆ. ವೀಟೊ ಬಿದ್ದ ಮೇಲೆ ಏನು ಮಾಡಲು ಸಾಧ್ಯ ಎಂದು ಕೇಳುವವರು ಕಡಿಮೆ. ನಿಜವಾದ ರಾಜತಾಂತ್ರಿಕತೆ ಶುರುವಾಗುವುದೇ ಅಲ್ಲಿಂದ ಅನ್ನುವುದು ನನ್ನ ಅಭಿಪ್ರಾಯ. ಇದಕ್ಕೆ 1956ರ ಸುಯೆಜ್‌ಗಿಂತ ಒಳ್ಳೆಯ ಪಾಠ ಸಿಗುವುದಿಲ್ಲ. ಯಾಕೆಂದರೆ ಅಲ್ಲಿ ಅಮೆರಿಕದ ಗೊತ್ತುವಳಿಯನ್ನು ಕೆಡವಿದ್ದು ಸೋವಿಯತ್ ಒಕ್ಕೂಟವಲ್ಲ, ಅಮೆರಿಕದ ಹತ್ತಿರದ ಗೆಳೆಯರಾದ ಬ್ರಿಟನ್ ಮತ್ತು ಫ್ರಾನ್ಸ್.

ಹಿನ್ನೆಲೆ ಚುಟುಕಾಗಿ: ಈಜಿಪ್ಟಿನ ಅಧ್ಯಕ್ಷ ನಾಸೆರ್ 1956ರ ಜುಲೈ 26ರಂದು ಸುಯೆಜ್ ಕಾಲುವೆ ಕಂಪನಿಯನ್ನು ರಾಷ್ಟ್ರೀಕರಣ ಮಾಡಿದರು. ಅಕ್ಟೋಬರ್ ಕೊನೆಯಲ್ಲಿ ಪ್ಯಾರಿಸ್ ಪಕ್ಕದ ಸೆವ್ರ್‌ನಲ್ಲಿ ಬ್ರಿಟನ್, ಫ್ರಾನ್ಸ್, ಇಸ್ರೇಲ್ ಗುಟ್ಟಾಗಿ ಒಪ್ಪಂದ ಮಾಡಿಕೊಂಡವು. ಇಸ್ರೇಲ್ ಈಜಿಪ್ಟಿನ ಸಿನಾಯ್‌ಗೆ ನುಗ್ಗುವುದು, ಉಳಿದಿಬ್ಬರು ಜಗಳ ಬಿಡಿಸುವವರ ವೇಷದಲ್ಲಿ ಕಾಲುವೆಗೆ ಇಳಿಯುವುದು, ಇದು ಯೋಜನೆ. 29ರಂದು ದಾಳಿ ಶುರುವಾಯಿತು, 30ರಂದು ಬ್ರಿಟನ್-ಫ್ರಾನ್ಸ್ ಹನ್ನೆರಡು ಗಂಟೆಯ ಗಡುವು ಕೊಟ್ಟವು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಯಾರೂ ಮುಂಚಿತವಾಗಿ ತಿಳಿಸಿರಲಿಲ್ಲ.

ಅದೇ 30ರಂದು ಅಮೆರಿಕ ಭದ್ರತಾ ಮಂಡಳಿಗೆ ಕರಡು ತಂದಿತು. ಇಸ್ರೇಲ್ ಹಿಂದೆ ಸರಿಯಲಿ, ಯಾವ ಸದಸ್ಯ ರಾಷ್ಟ್ರವೂ ಬಲಪ್ರಯೋಗ ಮಾಡದಿರಲಿ ಎಂಬುದು ಅದರ ಸಾರ. ಆಗ ಮಂಡಳಿಯಲ್ಲಿದ್ದದ್ದು 11 ಸ್ಥಾನ, ಗೆಲ್ಲಲು ಬೇಕಾದದ್ದು 7 ಮತ. (ಈಗ 15 ಸ್ಥಾನ, 9 ಮತ.) ಪರವಾಗಿ 7 ಬಿತ್ತು. ಬ್ರಿಟನ್, ಫ್ರಾನ್ಸ್ ವಿರುದ್ಧ ಹಾಕಿದವು, ಆಸ್ಟ್ರೇಲಿಯ, ಬೆಲ್ಜಿಯಂ ದೂರ ಉಳಿದವು. ಸಂಖ್ಯೆ ಸಾಕಷ್ಟಿದ್ದರೂ ಕರಡು ಸತ್ತಿತು. ಬ್ರಿಟನ್ ತನ್ನ ಚರಿತ್ರೆಯಲ್ಲಿ ವೀಟೊ ಚಲಾಯಿಸಿದ್ದು ಅದೇ ಮೊದಲು.

ಮರುದಿನ ನಡೆದದ್ದನ್ನು ನಿಧಾನವಾಗಿ ಓದಿ. ಯುಗೊಸ್ಲಾವಿಯ ಇನ್ನೊಂದು ಕರಡು ಮುಂದಿಟ್ಟಿತು. ಅದರಲ್ಲಿ ಯಾರಿಗೂ ಹಿಂದೆ ಸರಿಯಿರಿ ಎಂದಿರಲಿಲ್ಲ. ಕಾಯಂ ಸದಸ್ಯರಲ್ಲಿ ಒಮ್ಮತವಿಲ್ಲದೆ ಮಂಡಳಿ ತನ್ನ ಹೊಣೆ ನಿಭಾಯಿಸಲಾಗಲಿಲ್ಲ, ಆದ್ದರಿಂದ ಎಲ್ಲ ಸದಸ್ಯ ರಾಷ್ಟ್ರಗಳೂ ಕೂರುವ ಮಹಾಸಭೆಯ ತುರ್ತು ವಿಶೇಷ ಅಧಿವೇಶನ ಕರೆಯೋಣ, ಇಷ್ಟೇ. ಮತ ಬಿದ್ದದ್ದು ಹಿಂದಿನ ದಿನದಂತೆಯೇ: ಅದೇ ಏಳು ಪರ, ಅದೇ ಎರಡು ವಿರುದ್ಧ, ಅದೇ ಎರಡು ದೂರ. ಆದರೆ ಈ ಸಲ ಗೊತ್ತುವಳಿ ಗೆದ್ದು, 119ನೇ ನಿರ್ಣಯವಾಯಿತು.

ಕಾರಣ ವಿಶ್ವಸಂಸ್ಥೆಯ ಸನ್ನದಿನ 27ನೇ ವಿಧಿಯಲ್ಲಿದೆ. ಕಾರ್ಯವಿಧಾನಕ್ಕೆ ಸಂಬಂಧಿಸಿದ ವಿಷಯಗಳಿಗೆ ಬರೀ ಆ ಏಳು ಮತ (ಈಗ ಒಂಬತ್ತು) ಸಾಕು, ಕಾಯಂ ಸದಸ್ಯರ 'ಇಲ್ಲ'ಕ್ಕೆ ಅಲ್ಲಿ ಬೇರೆ ತೂಕವಿಲ್ಲ. ಉಳಿದ ವಿಷಯಗಳಲ್ಲಿ ಮಾತ್ರ ಒಂದು 'ಇಲ್ಲ' ಇಡೀ ಕರಡನ್ನು ಕೊಲ್ಲುತ್ತದೆ. ಮಂಡಳಿಯ ಕೈಯಲ್ಲಿರುವ ವಿವಾದದ ಬಗ್ಗೆ ಮಹಾಸಭೆ ಶಿಫಾರಸು ಮಾಡುವಂತಿಲ್ಲ ಎಂದು 12ನೇ ವಿಧಿ ಹೇಳುವುದರಿಂದ, ಮಂಡಳಿಯೇ ವಿಷಯವನ್ನು ದಾಟಿಸಿದರೆ ದಾರಿ ಸಲೀಸು. ಈ ದಾರಿಯನ್ನು ಮಾಡಿಕೊಟ್ಟದ್ದು 1950ರ ನವೆಂಬರ್ 3ರ 'ಶಾಂತಿಗಾಗಿ ಒಗ್ಗಟ್ಟು' ನಿರ್ಣಯ. ಕೊರಿಯಾ ಯುದ್ಧದ ಹೊತ್ತಿನಲ್ಲಿ ಸೋವಿಯತ್ ವೀಟೊ ತಪ್ಪಿಸಲು ಅಮೆರಿಕ ಅದನ್ನು ರೂಪಿಸಿದಾಗ ಬ್ರಿಟನ್, ಫ್ರಾನ್ಸ್ ಕೈಯೆತ್ತಿ ಬೆಂಬಲಿಸಿದ್ದವು. ಆರು ವರ್ಷ ಕಳೆದು ಮೊದಲ ತುರ್ತು ವಿಶೇಷ ಅಧಿವೇಶನ ಕೂತದ್ದು ಅವರದ್ದೇ ಯುದ್ಧದ ಮೇಲೆ. ಈ ಕರಡು ಕ್ರಮಬದ್ಧವಲ್ಲ ಎಂಬ ಬ್ರಿಟನ್ನಿನ ಆಕ್ಷೇಪಣೆಯೂ ಬಿದ್ದುಹೋಯಿತು.

ನವೆಂಬರ್ 1ರಂದು, ಇಲ್ಲಿ ಹರಿದು ಹಂಚಿಹೋಗಿದ್ದ ಕನ್ನಡ ನಾಡು ವಿಶಾಲ ಮೈಸೂರು ರಾಜ್ಯವಾಗಿ ಒಂದಾದ ಅದೇ ದಿನ, ನ್ಯೂಯಾರ್ಕಿನಲ್ಲಿ ಆ ಅಧಿವೇಶನ ಶುರುವಾಯಿತು. ಬೆಳಗಾಗುವಷ್ಟರಲ್ಲಿ ಕದನ ವಿರಾಮಕ್ಕೆ ಕರೆ ಕೊಡುವ 997ನೇ ನಿರ್ಣಯ 64 ಪರ, 5 ವಿರುದ್ಧ, 6 ತಟಸ್ಥ ಮತಗಳಿಂದ ಗೆದ್ದಿತು. ವಿರುದ್ಧ ನಿಂತವರು ಬ್ರಿಟನ್, ಫ್ರಾನ್ಸ್, ಇಸ್ರೇಲ್, ಆಸ್ಟ್ರೇಲಿಯ, ನ್ಯೂಜಿಲೆಂಡ್. ಕೆನಡಾದ ವಿದೇಶಾಂಗ ಸಚಿವ ಲೆಸ್ಟರ್ ಪಿಯರ್ಸನ್ ಆ ಮತದಿಂದ ದೂರ ಉಳಿದರು. ಕದನ ವಿರಾಮ ಎಂದರಾಯಿತೇ, ಅದನ್ನು ಕಾಯುವವರು ಯಾರು ಎಂಬುದು ಅವರ ಪ್ರಶ್ನೆ. ಎರಡು ದಿನದ ನಂತರ ಅವರದ್ದೇ ಗೊತ್ತುವಳಿ ಪಾಸಾಯಿತು: 48 ಗಂಟೆಯೊಳಗೆ ಒಂದು ಅಂತಾರಾಷ್ಟ್ರೀಯ ಪಡೆಯ ಯೋಜನೆ ಕೊಡಿ ಎಂದು ಪ್ರಧಾನ ಕಾರ್ಯದರ್ಶಿಗೆ ಸೂಚನೆ. ವಿಶ್ವಸಂಸ್ಥೆಯ ಮೊದಲ ಸಶಸ್ತ್ರ ಶಾಂತಿಪಾಲನಾ ಪಡೆ ಹುಟ್ಟಿದ್ದು ಹೀಗೆ, ವೀಟೊ ಹೊಡೆತದ ಗಾಯದಿಂದ. ಭಾರತ ಅದಕ್ಕೆ ಸೈನಿಕರನ್ನು ಕಳಿಸಿತು. ಮುಂದೆ 1964ರಲ್ಲಿ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಸೈಪ್ರಸ್‌ನಲ್ಲಿ ಮುನ್ನಡೆಸಿದ್ದು ಇದೇ ಪರಂಪರೆಯ ಪಡೆಯನ್ನು.

ಆದರೆ ಬ್ರಿಟನ್ ನಿಂತದ್ದು 64 ಮತಗಳಿಗೆ ಹೆದರಿಯಲ್ಲ. ಮತದಾನದ ಮೇಲೂ ನವೆಂಬರ್ 5ರಂದು ಪ್ಯಾರಾಶೂಟ್ ಪಡೆಗಳು ಪೋರ್ಟ್ ಸಯೀದ್‌ನಲ್ಲಿ ಇಳಿದವು. ನಿಲ್ಲಿಸಿದ್ದು ದುಡ್ಡು ಮತ್ತು ಎಣ್ಣೆ. ಪೌಂಡಿನ ಬೆಲೆಯನ್ನು 2.80 ಡಾಲರಿಗೆ ಕಟ್ಟಿಹಾಕಿದ್ದರಿಂದ ಜನ ಪೌಂಡ್ ಮಾರತೊಡಗಿದಂತೆ ಬ್ರಿಟನ್ನಿನ ಡಾಲರ್ ದಾಸ್ತಾನು ಕರಗತೊಡಗಿತು. ಐಎಂಎಫ್‌ನಿಂದ (ಅಂತಾರಾಷ್ಟ್ರೀಯ ಹಣಕಾಸು ನಿಧಿ) ಹಣ ಎತ್ತಬೇಕೆಂದರೆ ಅಮೆರಿಕದ ಒಪ್ಪಿಗೆ ಬೇಕು, ಅಮೆರಿಕ ಕೊಡಲಿಲ್ಲ. ಈಜಿಪ್ಟ್ ಹಡಗುಗಳನ್ನು ಮುಳುಗಿಸಿ ಕಾಲುವೆ ಮುಚ್ಚಿತು, ಸಿರಿಯಾದಲ್ಲಿ ಇರಾಕಿನ ಎಣ್ಣೆ ತರುವ ಪೈಪ್‌ಲೈನಿನ ಪಂಪಿಂಗ್ ಸ್ಟೇಷನ್‌ಗಳು ಸ್ಫೋಟಗೊಂಡವು. ಬದಲಿ ಎಣ್ಣೆಯನ್ನೂ ಅಮೆರಿಕ ತಡೆಹಿಡಿಯಿತು. ನವೆಂಬರ್ 6ರ ನಡುರಾತ್ರಿ ಕದನ ವಿರಾಮ. ಡಿಸೆಂಬರ್‌ನಲ್ಲಿ ಸೇನೆ ವಾಪಸಾಗುತ್ತದೆಂದು ಬ್ರಿಟನ್ ಘೋಷಿಸಿದ ಮೇಲೆಯೇ ಐಎಂಎಫ್ ಬಾಗಿಲು ತೆರೆದದ್ದು. ಪ್ರಧಾನಿ ಆಂಥನಿ ಈಡನ್ 1957ರ ಜನವರಿ 9ರಂದು ರಾಜೀನಾಮೆ ಕೊಟ್ಟರು.

ಅದೇ ವಾರದ ಇನ್ನೊಂದು ಕಥೆಯನ್ನು ಪಕ್ಕದಲ್ಲಿಟ್ಟು ನೋಡಿ. ನವೆಂಬರ್ 4ರಂದು ಸೋವಿಯತ್ ಟ್ಯಾಂಕುಗಳು ಹಂಗೆರಿಯ ರಾಜಧಾನಿ ಬುಡಾಪೆಸ್ಟ್‌ಗೆ ನುಗ್ಗಿದವು. ಮಂಡಳಿಯಲ್ಲಿ ಸೋವಿಯತ್ ವೀಟೊ, ತಕ್ಷಣ ಅದೇ ಕಾರ್ಯವಿಧಾನದ ಮತ, ಅದೇ ದಿನ ಎರಡನೇ ತುರ್ತು ಅಧಿವೇಶನ, 50-8-15ರಿಂದ ನಿರ್ಣಯ. ಯಂತ್ರ ಒಂದೇ, ಹೆಜ್ಜೆಗಳೂ ಒಂದೇ. ಟ್ಯಾಂಕುಗಳು ಮಾತ್ರ ಕದಲಲಿಲ್ಲ. ಮಾಸ್ಕೋದ ಕಿಸೆಯ ದಾರ ಹಿಡಿದ ಗೆಳೆಯ ಯಾರೂ ಇರಲಿಲ್ಲ. ವೀಟೊ ಹಾಕಿದವನನ್ನು ಬಗ್ಗಿಸಬಲ್ಲವನು ಅವನು ನೆಚ್ಚಿಕೊಂಡ ಗೆಳೆಯನೇ ಎಂದು ನಾನು ಹೇಳುವುದು ಈ ಎರಡು ಪ್ರಕರಣಗಳನ್ನು ಒಟ್ಟಿಗೆ ಓದಿ. ಹಾಗಾದರೆ ಮಹಾಸಭೆಯ ಮತ ವ್ಯರ್ಥವೇ? ಅಲ್ಲ. ಐಸೆನ್‌ಹೋವರ್ ಗೆಳೆಯರ ಕತ್ತು ಹಿಡಿಯಲು ಆ 64 ಮತಗಳು ಮರ್ಯಾದೆಯ ಕಾರಣ ಒದಗಿಸಿದವು, ಬ್ರಿಟನ್ ಕಾಲ್ತೆಗೆಯಲು ಪಿಯರ್ಸನ್ ಪಡೆ ನೆಪ ಕೊಟ್ಟಿತು.

ಈ ದಾರಿಯ ದೌರ್ಬಲ್ಯಗಳನ್ನೂ ಹೇಳಬೇಕು. ಮಹಾಸಭೆ ಶಿಫಾರಸು ಮಾಡಬಹುದು, ಕಟ್ಟಪ್ಪಣೆ ಮಾಡಲಾರದು. ಹಾಗಾಗಿ ಆ ಪಡೆ ಈಜಿಪ್ಟಿನ ನೆಲದಲ್ಲಿದ್ದದ್ದು ಈಜಿಪ್ಟಿನ ಒಪ್ಪಿಗೆಯ ಮೇಲೆ. 1967ರ ಮೇ ತಿಂಗಳಲ್ಲಿ ನಾಸೆರ್ ಹೊರಡಿ ಎಂದರು, ಪಡೆ ಹೊರಟಿತು, ಜೂನ್‌ನಲ್ಲಿ ಯುದ್ಧ. ಖರ್ಚಿನದ್ದು ಇನ್ನೊಂದು ತಕರಾರು. ಸೋವಿಯತ್ ಒಕ್ಕೂಟ ತನ್ನ ಪಾಲು ಕೊಡಲೊಪ್ಪಲಿಲ್ಲ. ಇದು ಸಂಸ್ಥೆಯ ಖರ್ಚೇ ಎಂದು ಅಂತಾರಾಷ್ಟ್ರೀಯ ನ್ಯಾಯಾಲಯ 1962ರಲ್ಲಿ ಅಭಿಪ್ರಾಯ ಕೊಟ್ಟರೂ ಹಣ ಬರಲಿಲ್ಲ.

ಈಗ ನಮ್ಮ ಲೆಕ್ಕಕ್ಕೆ ಬರುತ್ತೇನೆ. 2022ರ ಫೆಬ್ರುವರಿ 25ರಂದು ಉಕ್ರೇನ್ ಮೇಲಿನ ದಾಳಿಯ ಕುರಿತ ಕರಡು ನಿರ್ಣಯಕ್ಕೆ ರಷ್ಯಾ ವೀಟೊ ಹಾಕಿತು. 27ರಂದು ಮಂಡಳಿ 2623ನೇ ನಿರ್ಣಯದ ಮೂಲಕ ವಿಷಯವನ್ನು ಮಹಾಸಭೆಗೆ ದಾಟಿಸಿತು. 1956ರ ಹಾಗೆಯೇ ಎರಡು ದಿನವೂ ಮತ ಒಂದೇ, 11-1-3, ಮತ್ತು ಎರಡನೆಯ ದಿನ ರಷ್ಯಾದ 'ಇಲ್ಲ'ಕ್ಕೆ ಬಲವಿರಲಿಲ್ಲ. ಆಗ ಚುನಾಯಿತ ಸದಸ್ಯನಾಗಿದ್ದ ಭಾರತ ಎರಡು ದಿನವೂ ದೂರ ಉಳಿಯಿತು. ಮೊದಲ ದಿನದ್ದನ್ನು ಸಮರ್ಥಿಸಲು ವಾದಗಳಿವೆ, ಶಸ್ತ್ರಾಸ್ತ್ರದ ಅವಲಂಬನೆ, ಅಲ್ಲಿ ಸಿಕ್ಕಿಬಿದ್ದ ನಮ್ಮ ವಿದ್ಯಾರ್ಥಿಗಳು. ಎರಡನೆಯ ದಿನದ್ದನ್ನು ನಾನು ಒಪ್ಪಲಾರೆ. ಆ ಮತ ರಷ್ಯಾದ ವಿರುದ್ಧದ್ದಲ್ಲ, ವೀಟೊ ಇಲ್ಲದವರೂ ಕೂರುವ ಸಭೆಗೆ ಬಾಗಿಲು ತೆರೆಯುವ ಮತ. ವೀಟೊ ಇಲ್ಲದ ದೇಶ ತನಗೆ ಬೇಕಾಗಬಹುದಾದ ಬಾಗಿಲಿನ ಬಗ್ಗೆಯೇ ಸುಮ್ಮನಿರುವುದು ವಿವೇಕವಲ್ಲ. 1956ರಲ್ಲೂ ಸುಯೆಜ್ ಬಗ್ಗೆ ಗಟ್ಟಿಯಾಗಿ ಮಾತಾಡಿದ ಭಾರತ ಹಂಗೆರಿಯ ನವೆಂಬರ್ 4ರ ಮತದಲ್ಲಿ ತಟಸ್ಥವಾಗಿತ್ತು. ಆ ವ್ಯತ್ಯಾಸವನ್ನು ಪಶ್ಚಿಮದವರು ಬಹುಕಾಲ ಎತ್ತಿ ತೋರಿಸಿದರು.

ವೀಟೊ ಕೈಯಲ್ಲಿದ್ದರೆ ಎಲ್ಲ ಸರಿಯಾಗುತ್ತದೆ ಅನ್ನುವವರು 2025ರ ಫೆಬ್ರುವರಿ 24ನ್ನು ನೋಡಲಿ. ಆಕ್ರಮಣ ಮಾಡಿದವರು ಯಾರೆಂದು ಹೇಳದ ಅಮೆರಿಕದ ಉಕ್ರೇನ್ ಕರಡು ಮಂಡಳಿಗೆ ಬಂತು. ಯುರೋಪಿನವರ ತಿದ್ದುಪಡಿಗಳನ್ನು ರಷ್ಯಾ ವೀಟೊ ಮಾಡಿತು. ಮೂಲ ಕರಡನ್ನು ಬ್ರಿಟನ್ ಅಥವಾ ಫ್ರಾನ್ಸ್ ಒಂದೇ ಮತದಿಂದ ಕೆಡವಬಹುದಿತ್ತು. ಅವು ದೂರ ಉಳಿದವು, ಕರಡು 10-0-5ರಿಂದ 2774ನೇ ನಿರ್ಣಯವಾಯಿತು. ಆ ಎರಡೂ ದೇಶಗಳು ಕೊನೆಯ ಸಲ ವೀಟೊ ಬಳಸಿದ್ದು 1989ರ ಡಿಸೆಂಬರ್‌ನಲ್ಲಿ, ಅದೂ ಪನಾಮ ವಿಷಯದಲ್ಲಿ ಅಮೆರಿಕದ ಜೊತೆಗೂಡಿ.

ಸನ್ನದು ತಿದ್ದಿ ಹೊಸ ಕಾಯಂ ಸ್ಥಾನ ಕೊಡಲು 193ರಲ್ಲಿ 129 ಮತ ಬೇಕು, ಮೇಲೆ ಐದೂ ಕಾಯಂ ಸದಸ್ಯರ ಅನುಮೋದನೆ ಬೇಕು. ಅದು ಬೇಗ ಆಗುವ ಕೆಲಸವಲ್ಲ. ಚುನಾಯಿತ ಸ್ಥಾನ ಮಾತ್ರ ಕೈಗೆಟುಕುವಂಥದ್ದು, 2028-29ಕ್ಕೆ ಭಾರತ ಈಗಾಗಲೇ ಉಮೇದುವಾರಿಕೆ ಘೋಷಿಸಿದೆ. ಅಲ್ಲಿ ಕೂತ ಮೇಲೆ ಯಾರ ಯುದ್ಧವೇ ಆಗಿರಲಿ, ಕಾರ್ಯವಿಧಾನದ ಮತಕ್ಕೆ ಭಾರತದ ಕೈ ಮೇಲೇಳಬೇಕು ಎಂದು ನಾವು ಈಗಿನಿಂದಲೇ ಕೇಳಬೇಕು.