ಬಿಜೈಯಿಂದ ಆಲ್ಪ್ಸಿಗೆ ಕಾಲುದಾರಿ

ಬರುವ ಜುಲೈಯಲ್ಲಿ ಸ್ವಿಜರ್ಲೆಂಡಿಗೆ ಹೋಗಿ ನಡೆಯುವುದು ಎಂದು ಮಂಗಳೂರಿನ ಬಿಜೈಯ ನಮ್ಮ ಮನೆಯಲ್ಲಿ ತೀರ್ಮಾನವಾಗಿದೆ. ಐಡಿಯಾ ಉಡುಪಿಯ ಭಾವನದು. ಅವರು ಹೋದ ವರ್ಷ ಹೋಗಿ ಬಂದಿದ್ದಾರೆ. ಬಂದಾಗಿನಿಂದ ಗೋಳಿಬಜೆ ತಿನ್ನುವಾಗಲೂ ಆಲ್ಪ್ಸಿನದ್ದೇ ಸುದ್ದಿ.

"ಬಸ್ಸಲ್ಲಿ ಕೂತು ಫೋಟೊ ತೆಗೆದು ಬರಬೇಡಿ ಮಾರಾಯ್ರೇ. ಮೆನ್ಲಿಖೆನ್‌ನಿಂದ ನಡೀರಿ" ಎಂದರು ಭಾವ.

"ನಡೆಯಲಿಕ್ಕೆ ಅಷ್ಟು ದೂರ ಯಾಕೆ? ಕುದುರೆಮುಖ ಇಲ್ವಾ?" ಎಂದು ನನ್ನ ಅಮ್ಮ ಕೇಳಿದರು.

"ಅಲ್ಲಿ ಉಂಬಳ ಉಂಟು" ಎಂದು ಭಾವ ಒಂದೇ ಮಾತಿನಲ್ಲಿ 1,894 ಮೀಟರ್ ಎತ್ತರದ ಬೆಟ್ಟವನ್ನು ಪಕ್ಕಕ್ಕೆ ಸರಿಸಿದರು.

ಪ್ಲಾನ್ ಹೀಗಿದೆ. ಲೌಟರ್‌ಬ್ರುನ್ನೆನ್ ಎಂಬ ಕಣಿವೆ. ಎರಡೂ ಕಡೆ ಗೋಡೆಯಂಥ ಬಂಡೆ, ಊರಿನ ಪಕ್ಕದಲ್ಲೇ ಸುಮಾರು 300 ಮೀಟರ್ ಮೇಲಿಂದ ಬೀಳುವ ಜಲಪಾತ. ಅಲ್ಲಿಂದ ರೈಲು ಹತ್ತಿ ವೆಂಗೆನ್ ಎಂಬ ಊರಿಗೆ. ಆ ಊರಿಗೆ ಕಾರು ಹೋಗುವುದಿಲ್ಲ. ಅಲ್ಲಿಂದ ಕೇಬಲ್ ಕಾರಿನಲ್ಲಿ ಮೆನ್ಲಿಖೆನ್. ಇಪ್ಪತ್ತು ಇಪ್ಪತ್ತೈದು ನಿಮಿಷ ಏರಿದರೆ 2,343 ಮೀಟರ್ ಎತ್ತರದ ತುದಿ. ನಿಂತು ನೋಡಲು ಕಿರೀಟದ ಆಕಾರದ ಕಟ್ಟೆ ಬೇರೆ ಕಟ್ಟಿದ್ದಾರೆ. ಎದುರಿಗೆ ಐಗರ್, ಮೊಂಖ್, ಯುಂಗ್‌ಫ್ರೌ ಎಂಬ ಮೂರು ಶಿಖರ. ಆಮೇಲೆ ಕ್ಲೈನೆ ಶೈಡೆಗ್ ತನಕ 4.4 ಕಿಲೋಮೀಟರ್ ಆರಾಮದ ದಾರಿ. ಈ ಹೆಸರುಗಳನ್ನೆಲ್ಲ ಹೇಳುವಾಗ ಗಂಟಲಲ್ಲಿ ಬಂಗುಡೆ ಮುಳ್ಳು ಸಿಕ್ಕಿದ ಹಾಗೆ ಆಗುತ್ತದೆ. ಅದೂ ಅಭ್ಯಾಸ ಆಗಬೇಕು.

ಅಲ್ಲಿನವರಿಗೆ ನಡೆಯುವುದು ಎಂದರೆ ಹುಡುಗಾಟ ಅಲ್ಲ. ಕರ್ನಾಟಕದ ಕಾಲು ಭಾಗವೂ ಇಲ್ಲದ ದೇಶದಲ್ಲಿ ಬೋರ್ಡು ಹಾಕಿದ ಕಾಲುದಾರಿ ಸುಮಾರು 65,000 ಕಿಲೋಮೀಟರ್ ಉಂಟು. ಹಳದಿ ಬೋರ್ಡಿನಲ್ಲಿ ಎಷ್ಟು ದೂರ ಎಂದು ಬರೆಯುವುದಿಲ್ಲ, ಎಷ್ಟು ಹೊತ್ತು ಎಂದು ಬರೆಯುತ್ತಾರೆ. 1979ರಲ್ಲಿ ಜನ ವೋಟು ಹಾಕಿ ಕಾಲುದಾರಿಯನ್ನು ಸಂವಿಧಾನದೊಳಗೇ ಸೇರಿಸಿದರು. 1985ರಲ್ಲಿ ಅದಕ್ಕೊಂದು ಕಾನೂನು ಬಂತು. ಇದ್ದ ಕಾಲುದಾರಿ ಕಿತ್ತುಹಾಕಿದರೆ ಬದಲಿ ದಾರಿ ಮಾಡಿಕೊಡಬೇಕಂತೆ.

ನಾವೇನು ಕಡಿಮೆಯಲ್ಲ. ಅಡ್ಡಿಯಿಲ್ಲದ ಫುಟ್‌ಪಾತ್ ಪಾದಚಾರಿಯ ಹಕ್ಕು, ಅದು ಸಂವಿಧಾನದ 21ನೇ ವಿಧಿಯೊಳಗೇ ಬರುತ್ತದೆ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 21ನೇ ವಿಧಿ ಎಂದರೆ ಜೀವ ಉಳಿಸಿಕೊಳ್ಳುವ ಹಕ್ಕು. ನಮ್ಮ ಫುಟ್‌ಪಾತಿನಲ್ಲಿ ಒಮ್ಮೆ ನಡೆದವರಿಗೆ ಈ ಎರಡರ ಸಂಬಂಧವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೋಗುವ ಮೊದಲು ದಿನಾ ಒಂದು ಗಂಟೆ, ಬೆನ್ನಿಗೆ ಚೀಲ ಹಾಕಿ ನಡೆದು ಅಭ್ಯಾಸ ಮಾಡಬೇಕು ಎಂದು ಭಾವನ ಆರ್ಡರ್. ಹಾಗಾಗಿ ಬಿಜೈಯ ನಮ್ಮ ಮನೆಯಿಂದ ಕದ್ರಿ ಪಾರ್ಕಿನವರೆಗೆ ಒಂದು ಚಾರಣ ಇಟ್ಟುಕೊಂಡೆ. ಒಂದೂವರೆ ಕಿಲೋಮೀಟರ್ ಇರಬಹುದು. ಚೀಲಕ್ಕೆ ತೂಕ ಬೇಕಲ್ಲ, ಐದು ಕಿಲೋ ಕುಚ್ಚಲಕ್ಕಿ ತುಂಬಿಸಿದೆ.

ಸ್ವಿಸ್ ಆಲ್ಪೈನ್ ಕ್ಲಬ್ಬಿನವರು ದಾರಿಗಳಿಗೆ ಟಿ-1ರಿಂದ ಟಿ-6ರವರೆಗೆ ದರ್ಜೆ ಕೊಡುತ್ತಾರೆ. ಟಿ-1 ಎಂದರೆ ಯಾರೂ ನಡೆಯಬಹುದು. ಟಿ-3ರಲ್ಲಿ ಬ್ಯಾಲೆನ್ಸಿಗೆ ಕೈ ಬೇಕಾಗಬಹುದು. ಟಿ-4ರಲ್ಲಿ ಮುಂದೆ ಹೋಗಲಿಕ್ಕೇ ಕೈ ಬೇಕು. ಟಿ-6ರಲ್ಲಿ ಸಾಮಾನ್ಯವಾಗಿ ಗುರುತೂ ಇರುವುದಿಲ್ಲ, ದಾರಿ ನೀವೇ ಹುಡುಕಬೇಕು. ಈ ಪಟ್ಟಿ ಮೊಬೈಲಿನಲ್ಲಿ ಇಟ್ಟುಕೊಂಡು ಹೊರಟೆ.

ಮೊದಲ ನೂರು ಹೆಜ್ಜೆ ನಿಜಕ್ಕೂ ಟಿ-1. ಚಂದದ ಇಂಟರ್‌ಲಾಕ್, ಕಣ್ಣು ಕಾಣದವರಿಗಾಗಿ ನಡುವೆ ಹಳದಿ ಗೆರೆಯ ಟೈಲ್ಸ್. ಆ ಹಳದಿ ಗೆರೆ ಒಂಚೂರೂ ಆಚೀಚೆ ಆಗದೆ ಹೋಗಿ ಟ್ರಾನ್ಸ್‌ಫಾರ್ಮರ್ ಬೇಲಿಗೆ ಮುಟ್ಟಿ ನಿಂತಿದೆ. ಕಣ್ಣು ಕಾಣದವರನ್ನು ಕೈ ಹಿಡಿದು ಕರೆಂಟಿನ ಹತ್ತಿರ ಬಿಟ್ಟು ಬರುವ ಇಂಥ ಏರ್ಪಾಡು ಆಲ್ಪ್ಸಿನಲ್ಲಿ ಖಂಡಿತ ಇಲ್ಲ.

ಅಲ್ಲಿಂದ ಏರಿಳಿತ ಶುರು. ಫುಟ್‌ಪಾತಿನ ಅಂಚು 150 ಮಿಲಿಮೀಟರ್ ದಾಟಬಾರದು, ನಡೆಯುವ ಜಾಗ ಕನಿಷ್ಠ 1.8 ಮೀಟರ್ ಅಗಲ ಇರಬೇಕು ಎಂದು ರಸ್ತೆಗಳ ಅಳತೆ ನಿಗದಿ ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬರೆದಿಟ್ಟಿದೆ. ನಮ್ಮಲ್ಲಿ ಎರಡು ಅಳತೆಯೂ ಅದಲುಬದಲಾಗಿದೆ. ಎತ್ತರಕ್ಕೆ ಕಟ್ಟಿದ್ದಾರೆ, ಅಗಲಕ್ಕೆ ಕಟ್ಟಿಲ್ಲ. ಮೊಣಕಾಲು ಮಟ್ಟದ ಫುಟ್‌ಪಾತು ಹತ್ತಿದ ಕೂಡಲೇ ಒಂದು ಮನೆಯ ಗೇಟು. ಇಳಿಯಬೇಕು. ಮತ್ತೆ ಹತ್ತಿದರೆ ಮೆಡಿಕಲ್ ಶಾಪಿನ ಗೇಟು. ಒಂದು ಸಲಕ್ಕೆ 41 ಗೇಟು ಲೆಕ್ಕ ಹಾಕಿದೆ. ಆ ಮೆಡಿಕಲಿನವರು ಮಾತ್ರ ಸರಿಯಾದ ಜಾಗದಲ್ಲಿ ಅಂಗಡಿ ಇಟ್ಟಿದ್ದಾರೆ.

ದಾರಿಯ ಗುರುತಿಗೂ ಕೊರತೆ ಇಲ್ಲ. ಆಲ್ಪ್ಸಿನಲ್ಲಿ ಬೆಟ್ಟದ ದಾರಿಗೆ ಬಿಳಿ, ಕೆಂಪು, ಬಿಳಿ ಪಟ್ಟಿ ಬಳಿಯುತ್ತಾರೆ. ನಮ್ಮಲ್ಲೂ ಅದೇ ಬಣ್ಣ. ಬಿಳಿ ಗೋಡೆ, ನಡುವೆ ಗುಟ್ಕಾ, ಮತ್ತೆ ಬಿಳಿ ಗೋಡೆ. ಪೈಂಟಿಗೆ ಖರ್ಚು ಇಲ್ಲ, ದಿನಾ ಹೊಸದಾಗುತ್ತದೆ. ಅಪಾಯದ ಗುರುತು ಬೇರೆಯೇ ಉಂಟು. ಚರಂಡಿಯ ಸ್ಲ್ಯಾಬು ಒಡೆದಲ್ಲಿ ಯಾರೋ ಪುಣ್ಯಾತ್ಮರು ತೆಂಗಿನ ಮಡಲು ಚುಚ್ಚಿ ಇಟ್ಟಿರುತ್ತಾರೆ. ಮಡಲು ಹಸಿರಾಗಿದ್ದರೆ ಈ ವಾರದ ಹೊಂಡ. ಒಣಗಿದ್ದರೆ ಹಳತು. ಮಡಲೇ ಇಲ್ಲದಿದ್ದರೆ ಯಾರೋ ಬಿದ್ದಿದ್ದಾರೆ.

ಸ್ಲ್ಯಾಬಿನ ಬಗ್ಗೆ ಸಂಬಂಧಪಟ್ಟವರಿಗೆ ಫೋನ್ ಮಾಡಿದೆ. ಸ್ಲ್ಯಾಬು ನಮ್ಮದು, ಆದರೆ ಒಡೆದದ್ದು ಕೇಬಲಿನವರು ಎಂದರು. ಕೇಬಲಿನವರು ಪೈಪಿನವರನ್ನು ತೋರಿಸಿದರು. ಪೈಪಿನವರು, ನಾವು ಅಗೆಯುವಾಗ ಅಲ್ಲಿ ಫುಟ್‌ಪಾತೇ ಇರಲಿಲ್ಲ ಎಂದರು. ಈ ಊರಿನಲ್ಲಿ ಎಲ್ಲದಕ್ಕೂ ಸಂಬಂಧಪಟ್ಟವರು ಇದ್ದಾರೆ, ಸಂಬಂಧ ಮಾತ್ರ ಯಾರಿಗೂ ಇಲ್ಲ.

ಟಿ-4 ಶುರುವಾಗುವುದು ಫ್ಲೆಕ್ಸಿನ ಹತ್ತಿರ. ಬ್ರಹ್ಮಕಲಶೋತ್ಸವಕ್ಕೆ ಒಂದು, ಕಂಬಳಕ್ಕೆ ಒಂದು, ಯಾರದೋ ಹುಟ್ಟುಹಬ್ಬಕ್ಕೆ ಮೂರು. ಎಲ್ಲದರಲ್ಲೂ ಕೈ ಮುಗಿದು ನಿಂತವರು ನಿಮ್ಮನ್ನು ಸ್ವಾಗತಿಸುತ್ತಾರೆ, ಹೋಗಲು ಬಿಡುವುದಿಲ್ಲ. ಸರಳಿನ ಅಡಿಯಲ್ಲಿ ಬಗ್ಗಿ ನುಸುಳಬೇಕು. ಬೆನ್ನಲ್ಲಿ ಐದು ಕಿಲೋ ಅಕ್ಕಿ ಇದ್ದರೆ ಅದು ಸುಲಭ ಅಲ್ಲ. ಆಚೆ ಬಂದರೆ ಸಾಲಾಗಿ ನಿಲ್ಲಿಸಿದ ಸ್ಕೂಟರುಗಳು. ಐಗರ್‌ನ ಉತ್ತರ ಗೋಡೆಯನ್ನು 1938ರಲ್ಲಿ ಹತ್ತಿ ಮುಗಿಸಿದ್ದಾರೆ. ಈ ಸಾಲನ್ನು ದಾಟಿದವರು ಯಾರೂ ಇನ್ನೂ ನನಗೆ ಸಿಕ್ಕಿಲ್ಲ. ಎಲ್ಲರೂ ರಸ್ತೆಗೆ ಇಳಿಯುತ್ತಾರೆ.

ಅಲ್ಲೊಂದು ಬೊಂಡದ, ಅಂದರೆ ಎಳನೀರಿನ ಗಾಡಿಯೂ ಫುಟ್‌ಪಾತಿನಲ್ಲೇ ಉಂಟು. ಅವನ ಮೇಲೆ ನನಗೆ ಸಿಟ್ಟಿಲ್ಲ. ಬೆಟ್ಟದ ದಾರಿಯಲ್ಲಿ ತಂಗುವ ಗುಡಿಸಲು ಇರುತ್ತದಲ್ಲ, ಹಾಗೆ. ಬೊಂಡ ಕೆತ್ತುತ್ತಾ ಅವನು ನನ್ನ ಚೀಲ ನೋಡಿ, "ಎಲ್ಲಿಗೆ ಸರ್, ಶಬರಿಮಲೆಗಾ?" ಎಂದು ಕೇಳಿದ. ಕದ್ರಿ ಪಾರ್ಕಿಗೆ ಎಂದೆ. "ನಡೆದುಕೊಂಡಾ?" ಎಂದವನು ಹತ್ತು ರೂಪಾಯಿ ಕಡಿಮೆ ತೆಗೆದುಕೊಂಡ.

ಟಿ-6 ಸರ್ಕಲಿನಲ್ಲಿ. ಫುಟ್‌ಪಾತು ಹೇಳದೆ ಕೇಳದೆ ನಿಲ್ಲುತ್ತದೆ. ಜೀಬ್ರಾ ಪಟ್ಟಿ ಮಾಸಿ ಬರೀ ಕುದುರೆ ಉಳಿದಿದೆ. ಮೂಲೆಯಿಂದ ಸಿಟಿ ಬಸ್ಸು ಬರುತ್ತದೆ, ಕಂಡಕ್ಟರ್ "ಪೋಯಿ, ಪೋಯಿ" (ತುಳುವಿನಲ್ಲಿ ಹೋಗೋಣ) ಎಂದು ಬಸ್ಸಿಗೆ ಬಡಿಯುತ್ತಾನೆ. ಡ್ರೈವರಿಗೆ ಹೇಳುತ್ತಿದ್ದಾನೋ ನನ್ನ ಜೀವಕ್ಕೆ ಹೇಳುತ್ತಿದ್ದಾನೋ ಗೊತ್ತಾಗಲಿಲ್ಲ. ಮನೆಯಿಂದ ಪಾರ್ಕಿಗೆ 55 ನಿಮಿಷ. ಮೆನ್ಲಿಖೆನ್ ದಾರಿ 4.4 ಕಿಲೋಮೀಟರಿಗೆ ಒಂದೂವರೆ ಗಂಟೆ ಕೂಡ ಬೇಡ.

ಮಾರನೇ ದಿನ ಟ್ರಾವೆಲ್ ಏಜೆಂಟಿನ ಹತ್ತಿರ ಕೂತಿದ್ದೆ. ವೀಸಾಕ್ಕೆ 30,000 ಯೂರೋದ ಆರೋಗ್ಯ ವಿಮೆ ಬೇಕು ಎಂದ. ಅಲ್ಲಿ ಬಿದ್ದರೆ, ಕೈಕಾಲು ಮುರಿದರೆ ಎಲ್ಲ ಅದರಲ್ಲಿ ಬರುತ್ತದಂತೆ.

"ವಿಮೆ ಯಾವತ್ತಿನಿಂದ ಶುರು?"

"ನೀವು ಹೊರಟ ದಿನದಿಂದ ಸರ್."

"ಈಗಿಂದಲೇ ಸಿಗುವುದಿಲ್ವಾ? ನಾನು ಬಿಜೈಯಲ್ಲಿ ಅಭ್ಯಾಸ ಮಾಡುತ್ತಿದ್ದೇನೆ."

ಅವನು ನಗಲಿಲ್ಲ. ಅವನ ಎಡಗಾಲಿಗೂ ಬ್ಯಾಂಡೇಜ್ ಇತ್ತು. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು, ಮಳೆ ಶುರುವಾಗುವ ಮೊದಲೇ ಹೋಗಿ, ಆಮೇಲೆ ಶಿರಾಡಿಯಲ್ಲಿ ಗುಡ್ಡ ಜರಿದರೆ ಕಷ್ಟ ಎಂದ. ಆಲ್ಪ್ಸಿಗೆ ಹೋಗುವವನು ದಾಟಬೇಕಾದ ಮೊದಲ ಬೆಟ್ಟ ಅದು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ನನಗಿಂತ ಬುದ್ಧಿವಂತೆ. "ಪಾರ್ಕಿನ ಒಳಗೆ ನಡೆಯಲಿಕ್ಕೆ ಒಳ್ಳೆ ಜಾಗ ಉಂಟಲ್ಲ. ಅಲ್ಲಿವರೆಗೆ ಸ್ಕೂಟರಲ್ಲಿ ಹೋಗುವ. ಒಳಗೆ ಎಷ್ಟು ಬೇಕಾದರೂ ಸುತ್ತು ಹಾಕಿ" ಎಂದಳು. ಊರಿನಲ್ಲಿ ನಡೆಯುವವರೆಲ್ಲ ಮಾಡುವುದು ಅದನ್ನೇ ಅಲ್ವಾ? ನಡೆಯಲಿಕ್ಕೆ ಗಾಡಿಯಲ್ಲಿ ಹೋಗುತ್ತಾರೆ, ನಡೆದು ಮುಗಿಸಿ ಗಾಡಿಯಲ್ಲಿ ಬರುತ್ತಾರೆ.

ಬೆಳಿಗ್ಗೆ ಆರಕ್ಕೆ ಇಬ್ಬರೂ ಹೊರಟೆವು. ಐದು ನಿಮಿಷದಲ್ಲಿ ಪಾರ್ಕು. ಆದರೆ ಗಾಡಿ ನಿಲ್ಲಿಸಲು ಜಾಗ ಇಲ್ಲ. ನಡೆಯಲು ಬಂದವರ ಕಾರು, ಬೈಕು ರಸ್ತೆಯುದ್ದಕ್ಕೂ ನಿಂತಿವೆ. ಎರಡು ಸುತ್ತು ಹೊಡೆದೆ. ಹಿಂದೆ ಒಬ್ಬ ಹಾರ್ನ್ ಮಾಡತೊಡಗಿದ.

"ಫುಟ್‌ಪಾತು ಖಾಲಿ ಉಂಟಲ್ಲ, ಹತ್ತಿಸಿ" ಎಂದಳು ಹೆಂಡತಿ.

ಅಂಚು ಎತ್ತರ ಇತ್ತು. ಅವಳು ಹಿಂದಿನಿಂದ ದೂಡಿದಳು, ನಾನು ಮುಂದಿನ ಚಕ್ರ ಎತ್ತಿ ಎಳೆದೆ. ಟಿ-4. ಎರಡು ಕೈ ಸಾಕಾಗಲಿಲ್ಲ, ನಾಲ್ಕು ಬೇಕಾಯಿತು.