ಪೂರ್ವದ ಬಾಗಿಲಲ್ಲಿ ಬರೆದಿರುವ ಹೆಸರುಗಳು

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವರು ಯಾರು ಎಂದು ನಮ್ಮ ಬಾಗಲಕೋಟೆಯ ಕಡೆಯ ಮಕ್ಕಳನ್ನು ಕೇಳಿದರೆ, ‘ಎರಡನೆಯ ವಿಕ್ರಮಾದಿತ್ಯ’ ಎಂಬ ಉತ್ತರ ಥಟ್ಟನೆ ಬರುತ್ತದೆ. ಹಿರಿಯರನ್ನು ಕೇಳಿದರೂ ಹೆಚ್ಚು ಕಡಿಮೆ ಅದೇ ಉತ್ತರ. ಆ ಚಾಲುಕ್ಯ ದೊರೆ ಪಲ್ಲವರನ್ನು ಸೋಲಿಸಿದ್ದು, ಅವರ ಕಂಚಿಯನ್ನು ಗೆದ್ದದ್ದು, ಪಟ್ಟದಕಲ್ಲು 1987ರಲ್ಲಿ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು, ಇಷ್ಟು ಹೇಳಿ ಮುಗಿಸಿ, ಐಹೊಳೆಗೆ ಹೊತ್ತಾಯಿತೆಂದು ಬಸ್ಸು ಹತ್ತುತ್ತೇವೆ. ಆದರೆ ಆ ಗುಡಿ ತನ್ನನ್ನು ಕಟ್ಟಿಸಿದವರ ಹೆಸರನ್ನೂ ಕಟ್ಟಿದವರ ಹೆಸರನ್ನೂ ತನ್ನ ಕಲ್ಲಿನ ಮೇಲೆಯೇ, ಅದೂ ಕನ್ನಡದಲ್ಲಿಯೇ, ಬರೆದಿಟ್ಟುಕೊಂಡು ಸುಮಾರು 1280 ವರ್ಷಗಳಿಂದ ನಿಂತಿದೆ. ಅದನ್ನು ಓದದೆ ಬರುವುದು ನನಗೆ ಬಹಳ ನೋವಿನ ಸಂಗತಿ ಎನಿಸುತ್ತದೆ.

ಇದಕ್ಕೆ ಒಂದು ಕಾರಣ ನಾವು ಒಳಗೆ ಹೋಗುವ ದಾರಿಯಲ್ಲಿಯೇ ಇದೆ. ಗುಡಿಯ ಮುಖ ಪೂರ್ವಕ್ಕಿದೆ; ಆ ಕಡೆ ಮಲಪ್ರಭೆ ಉತ್ತರಕ್ಕೆ ತಿರುಗಿ ಹರಿಯುತ್ತದೆ. ಹಿಂದಿನವರು ಹೊಳೆಯಿಂದ ಮೇಲೇರಿ, ಪೂರ್ವದ ಮಹಾದ್ವಾರವನ್ನು ದಾಟಿ, ನಂದಿಮಂಟಪದ ಮೂಲಕ ಶಿವನ ಎದುರಿಗೆ ಬರುತ್ತಿದ್ದರು. ಇಂದಿನವರು ಟಿಕೆಟ್ ಕೊಂಡು, ಹುಲ್ಲುಹಾಸಿನ ನಡುವಿನ ದಾರಿಯಲ್ಲಿ ಕಾಡಸಿದ್ಧೇಶ್ವರ, ಜಂಬುಲಿಂಗ, ಗಳಗನಾಥ, ಸಂಗಮೇಶ್ವರ ಎಂದು ಒಂದೊಂದೇ ಗುಡಿಯನ್ನು ನೋಡುತ್ತ ವಿರೂಪಾಕ್ಷನ ಬಳಿಗೆ ಬರುವಷ್ಟರಲ್ಲಿ ದಣಿದಿರುತ್ತಾರೆ. ಹೊಳೆಯ ಕಡೆಯ ಬಾಗಿಲವರೆಗೆ ಹೋಗುವವರು ಕಡಿಮೆ. ಹೆಸರುಗಳಿರುವುದು ಅಲ್ಲಿ.

ಕಂಚಿಯನ್ನು ಮೂರು ಸಲ ಗೆದ್ದ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯ ದೇಗುಲವಿದು ಎಂದು ಆ ಶಾಸನ ಸಾರುತ್ತದೆ. ಕಟ್ಟಿಸಿದವಳು ರಾಣಿ, ಅದಕ್ಕಾಗಿಯೇ ಗುಡಿಯ ಮೊದಲ ಹೆಸರು ಲೋಕೇಶ್ವರ. ಪಕ್ಕದ ಮಲ್ಲಿಕಾರ್ಜುನ ಗುಡಿಯನ್ನು ಕಟ್ಟಿಸಿದವಳು ಅವಳ ತಂಗಿಯೂ ಸವತಿಯೂ ಆದ ತ್ರೈಲೋಕ್ಯಮಹಾದೇವಿ. ಇನ್ನು ಕಟ್ಟಿದ ಸೂತ್ರಧಾರಿ, ಅಂದರೆ ಮುಖ್ಯ ಶಿಲ್ಪಿ, ಗುಂಡ ಅನಿವಾರಿತಾಚಾರಿ; ಅವನಿಗೆ ‘ತ್ರಿಭುವನಾಚಾರಿ’ ಎಂಬ ಬಿರುದನ್ನು ಕೊಟ್ಟು ಗೌರವಿಸಿದ ಸಂಗತಿಯೂ ಶಾಸನದಲ್ಲಿದೆ. ಮತ್ತೊಂದು ಬರಹ ಸರ್ವಸಿದ್ಧಿ ಆಚಾರಿಯನ್ನು ‘ತೆಂಕಣ ದಿಶೆಯ (ದಕ್ಷಿಣ ದಿಕ್ಕಿನ) ಸೂತ್ರಧಾರಿ’ ಎಂದು ಕರೆದು, ಪ್ರಾಸಾದಗಳಿಂದ ಹಿಡಿದು ಯಾನ, ಆಸನ, ಶಯನ, ಮಣಿಮಕುಟಗಳವರೆಗೆ ಅವನಿಗಿದ್ದ ಕೈಚಳಕವನ್ನು ಕೊಂಡಾಡುತ್ತದೆ. ಗೆದ್ದ ರಾಜನ ಮಾತು ಇರುವಲ್ಲಿಯೇ ಕಲ್ಲುಕೆಲಸದವನ ಹೆಸರಿಗೂ ಎಡೆ ಕೊಟ್ಟ ಊರು ನಮ್ಮದು ಎಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳಬೇಕಾಗಿತ್ತು.

ಒಮ್ಮೆ ನಮ್ಮ ಓಣಿಯ ಗೌಂಡಿಯೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಜೀವಮಾನವಿಡೀ ಗೋಡೆ ಎಬ್ಬಿಸಿದ ಮನುಷ್ಯ. ಅವರು ಶಿಖರವನ್ನಾಗಲಿ ಮೂರ್ತಿಗಳನ್ನಾಗಲಿ ಮೊದಲು ನೋಡಲಿಲ್ಲ. ಗೋಡೆಯ ಹತ್ತಿರ ಹೋಗಿ, ಎರಡು ಕಲ್ಲುಗಳು ಕೂಡುವ ಸಂದಿನಲ್ಲಿ ಹೆಬ್ಬೆರಳಿನ ಉಗುರನ್ನು ಆಡಿಸುತ್ತ ಸ್ವಲ್ಪ ದೂರ ನಡೆದು, “ಗಾರೆ ಇಲ್ಲಲ್ರೀ ಸರ, ಕಲ್ಲಿನ ಮ್ಯಾಲೆ ಕಲ್ಲ ಕುಂತೈತಿ. ಇದನ್ನ ಕುಂದರ್ಸಿದಾವ ಎಂಥಾವ ಇದ್ದಾನು!” ಎಂದರು. ಮಾತು ನಿಜ. ಇಲ್ಲಿನ ಮರಳುಗಲ್ಲಿನ ದಿಮ್ಮಿಗಳು ಸುಣ್ಣ-ಗಾರೆಗಳ ಹಂಗಿಲ್ಲದೆ, ತಮ್ಮ ಭಾರದಿಂದಲೂ ಹೊಂದಿಕೆಯಿಂದಲೂ ನಿಂತಿವೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಈ ಆವರಣದೊಳಗೆ ನುಗ್ಗಿದಾಗ ನಾವೆಲ್ಲ ಜೀವ ಕೈಯಲ್ಲಿ ಹಿಡಿದುಕೊಂಡು ಸುದ್ದಿ ನೋಡುತ್ತಿದ್ದೆವು. ನೀರು ಇಳಿದ ಮೇಲೂ ಗುಡಿ ಇದ್ದಲ್ಲಿಯೇ ಇತ್ತು. “ಎಂಥಾವ ಇದ್ದಾನು” ಎಂಬ ಆ ಪ್ರಶ್ನೆಗೆ ಉತ್ತರವಾಗಿ ನಾನು ಅವರನ್ನು ಪೂರ್ವದ ಬಾಗಿಲಿಗೆ ಕರೆದುಕೊಂಡು ಹೋಗಿ ಗುಂಡ ಅನಿವಾರಿತಾಚಾರಿಯ ಹೆಸರು ಹೇಳಿದೆ. ಅವರು ಚಪ್ಪಲಿ ಬಿಟ್ಟು ನಮಸ್ಕಾರ ಮಾಡಿದರು.

ಈ ಗುಡಿಯನ್ನು ನೋಡಲು ಅವಸರ ಸಲ್ಲದು. ಕೆಂಪು ವಸ್ತ್ರ ಹೊದ್ದ ನಂದಿಯ ಎದುರಿನಿಂದ ಹೊರಟು, ಪೂರ್ವದ ಮುಖಮಂಟಪದಲ್ಲಿ ನಿಂತು ತಲೆಯೆತ್ತಿದರೆ ಏಳು ಕುದುರೆಗಳ ರಥದಲ್ಲಿ ಸೂರ್ಯನಿದ್ದಾನೆ. ಒಳಗೆ ಕಾಲಿಟ್ಟೊಡನೆ ಕತ್ತಲು ಎನಿಸುತ್ತದೆ. ಕಣ್ಣು ಹೊಂದಿಕೊಳ್ಳುವವರೆಗೆ ತಾಳಬೇಕು. ಆಮೇಲೆ ಕಲ್ಲಿನ ಜಾಲಂಧ್ರಗಳಿಂದ ಬರುವ ಬೆಳಕಿನಲ್ಲಿ ಕಂಬಗಳ ಮೇಲಿನ ರಾಮಾಯಣ, ಮಹಾಭಾರತದ ಪ್ರಸಂಗಗಳು ಒಂದೊಂದಾಗಿ ಕಾಣತೊಡಗುತ್ತವೆ. ರಾವಣನ ಮೇಲೆ ಎರಗುವ ಜಟಾಯುವಿನ ಮುಂದೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಗರ್ಭಗುಡಿಯ ಸುತ್ತ ಒಳಗಿನ ಪ್ರದಕ್ಷಿಣಾಪಥವಿದೆ; ಅದನ್ನು ಸುತ್ತಿ ಬರದೆ ಹೊರಡಬಾರದು. ಈ ಗುಂಪಿನಲ್ಲಿ ಇಂದಿಗೂ ಪೂಜೆ ನಡೆಯುವ ಗುಡಿ ಇದೊಂದೇ.

ಕಂಚಿಯನ್ನು ಗೆದ್ದಾಗ ಅಲ್ಲಿಂದ ಶಿಲ್ಪಿಗಳನ್ನು ಕರೆತಂದು ಇದನ್ನು ಕಟ್ಟಿಸಿದರೆಂಬ ಮಾತು ಬಹಳ ಚಾಲ್ತಿಯಲ್ಲಿದೆ. ಕಂಚಿಯ ಕೈಲಾಸನಾಥ ದೇವಾಲಯದ ಪ್ರಭಾವ ಇಲ್ಲಿದೆ, ಅದನ್ನು ಅಲ್ಲಗಳೆಯಲಾಗದು. ಆ ದೇವಾಲಯದ ಸಂಪತ್ತನ್ನು ಕೊಳ್ಳೆ ಹೊಡೆಯದೆ ದೇವರಿಗೇ ಮರಳಿಸಿದೆನೆಂದು ವಿಕ್ರಮಾದಿತ್ಯ ಅಲ್ಲಿಯೇ ಕನ್ನಡ ಶಾಸನವನ್ನು ಬರೆಸಿದ್ದಾನೆ, ಅಂದರೆ ಅದನ್ನು ಕಣ್ತುಂಬ ನೋಡಿಯೂ ಇದ್ದಾನೆ. ಆದರೆ ಅದಕ್ಕೂ ಮೊದಲು, ಏಳನೆಯ ಶತಮಾನದಲ್ಲಿಯೇ, ಬಾದಾಮಿಯ ಮಾಲೆಗಿತ್ತಿ ಶಿವಾಲಯ ಇದೇ ದ್ರಾವಿಡ ಶೈಲಿಯಲ್ಲಿ ಎದ್ದು ನಿಂತಿತ್ತು. ವಿಕ್ರಮಾದಿತ್ಯನ ತಂದೆ ವಿಜಯಾದಿತ್ಯ ಪಟ್ಟದಕಲ್ಲಿನಲ್ಲಿಯೇ ಸಂಗಮೇಶ್ವರವನ್ನು ಕಟ್ಟಿಸತೊಡಗಿದ್ದ. ಇಷ್ಟೆಲ್ಲ ಕೆಲಸ ಕಲಿತ ಕೈಗಳು ಈ ನೆಲದಲ್ಲಿಯೇ ಇದ್ದುವೆಂದ ಮೇಲೆ, ಎಲ್ಲವೂ ಹೊರಗಿನಿಂದ ಬಂದದ್ದೆಂದು ಹೇಳುವುದು ನಮ್ಮ ಆಚಾರಿಗಳಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಮುಂದೆ ರಾಷ್ಟ್ರಕೂಟರು ಎಲ್ಲೋರದ ಕೈಲಾಸವನ್ನು ಬೆಟ್ಟದಿಂದ ಕಡೆದು ತೆಗೆಸಿದಾಗ ಅದಕ್ಕೆ ಈ ವಿರೂಪಾಕ್ಷವೇ ಮಾದರಿಗಳಲ್ಲೊಂದಾಯಿತು.

ಲೋಕಮಹಾದೇವಿಯ ಇನ್ನೊಂದು ಕೆಲಸವನ್ನೂ ಇಲ್ಲಿಯ ಶಾಸನವೊಂದು ದಾಖಲಿಸಿದೆ: ಇಲ್ಲಿಯ ಗಂಧರ್ವರಿಗೆ, ಅಂದರೆ ಹಾಡುಗಾರರಿಗೆ, ತನ್ನ ಮಾವ ವಿಜಯಾದಿತ್ಯ ಕೊಟ್ಟಿದ್ದ ದತ್ತಿಯನ್ನು ಅವಳು ಮುಂದುವರಿಸಿಕೊಟ್ಟಳು. ಹಾಡುವವರ ಬದುಕನ್ನೂ ನೆನಪಿನಲ್ಲಿಟ್ಟುಕೊಂಡ ಈ ರಾಣಿಯನ್ನು ನಮ್ಮ ಹೆಣ್ಣುಮಕ್ಕಳು ‘ವಿಕ್ರಮಾದಿತ್ಯನ ಹೆಂಡತಿ’ ಎಂದಷ್ಟೇ ತಿಳಿದು ಬೆಳೆಯುವುದು ಬೇಡ.

ಜಕಣಾಚಾರಿಯ ಹೆಸರು ಕಥೆಗಳ ಮೂಲಕ ಮನೆಮನೆಗೂ ಮುಟ್ಟಿದೆ, ಸರಕಾರ ಆ ಹೆಸರಿನಲ್ಲಿ ಪ್ರಶಸ್ತಿಯನ್ನೂ ಕೊಡುತ್ತದೆ, ಸಂತೋಷ. ಗುಂಡ ಅನಿವಾರಿತಾಚಾರಿಯ ಹೆಸರಿಗಂತೂ ಕಲ್ಲೇ ಸಾಕ್ಷಿ. ಚಾಲುಕ್ಯ ಉತ್ಸವದ ಒಂದು ವೇದಿಕೆಗಾದರೂ ಅವನ ಹೆಸರಿಡಬೇಕು, ಇನ್ನೊಂದಕ್ಕೆ ಲೋಕಮಹಾದೇವಿಯ ಹೆಸರಿಡಬೇಕು. ಶಾಲಾ ಪ್ರವಾಸಕ್ಕೆ ಮಕ್ಕಳನ್ನು ಕರೆತರುವ ಗುರುಗಳಲ್ಲಿಯೂ ಗುರುಮಾತೆಯರಲ್ಲಿಯೂ ನನ್ನದೊಂದು ವಿನಂತಿ: ಮಕ್ಕಳು ದಣಿಯುವ ಮೊದಲೇ ಅವರನ್ನು ನೇರವಾಗಿ ಪೂರ್ವದ ಬಾಗಿಲಿಗೆ ಕರೆದೊಯ್ದು ಆ ಹೆಸರುಗಳನ್ನು ಗಟ್ಟಿಯಾಗಿ ಹೇಳಿಸಿ, ಆಮೇಲೆ ಒಳಗೆ ನಡೆಯಿರಿ. ಸಮಯವಿದ್ದರೆ ದಕ್ಷಿಣಕ್ಕಿರುವ ಪಾಪನಾಥ ಗುಡಿಗೂ ಹೋಗಿರಿ; ಅದರ ಹೊರಗೋಡೆಯ ಮೇಲೆ ರಾಮಾಯಣವಿದೆ, ಅಲ್ಲಿಯ ಶಾಸನದಲ್ಲಿ ರೇವಡಿ ಓವಜ್ಜನೆಂಬ ಶಿಲ್ಪಿಯ ಹೆಸರಿದೆ.